ಅಕ್ಕ ಮೆಟ್ಟಿಲು ಹತ್ತದ ಸೂರತ್

ನಾನು ಮಾಡಬೇಕಾಗಿದ್ದದ್ದು ಒಂದೇ ಕೆಲಸ. ಎದ್ದು ನಿಂತು ನಾಲ್ಕು ಮಾತು ನಿಜ ಹೇಳಬೇಕಿತ್ತು. ಅದಕ್ಕೆ ಓದು ಬೇಕಿರಲಿಲ್ಲ. ಸೂರತ್ತಿನ ಒಂದು ಸಭೆಯಲ್ಲಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದ ನಾನು ಏಳಲಿಲ್ಲ. ಅಕ್ಕ ಸೋತಳು. ಚುನಾವಣೆ ಎಂದ ಮೇಲೆ ಯಾರಾದರೊಬ್ಬರು ಸೋಲಲೇಬೇಕು, ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಸೋತ ಮೇಲೆ ಮೂರು ವರ್ಷ ಅಕ್ಕ ಯಾರ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ಯಾಕೆಂದು ಅಹಮದಾಬಾದಿನ ನಮ್ಮವರಿಗೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಈ ಸಲದ ಚಳಿಗಾಲದಲ್ಲಿ ಮದುವೆಯವರನ್ನು ಬಿಡಲು ವ್ಯಾನ್ ತೆಗೆದುಕೊಂಡು ಸೂರತ್ತಿಗೆ ಹೋಗಿದ್ದೆ. ತಾಪಿ ನದಿಯ ದಂಡೆಯಲ್ಲಿ ಪೋಂಕ್ ಮಾರುವವರು ಸಾಲಾಗಿ ಕೂತಿದ್ದರು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಹಸಿರು ಕಾಳು ಬಿಡಿಸಿ ಕೊಡುತ್ತಾರೆ. ನಮ್ಮ ಗದಗಿನ ಕಡೆ ಸೀತನಿ ಎನ್ನುವುದು ಇದನ್ನೇ. ಆ ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂತು. ಮೂರು ವರ್ಷದ ಹಿಂದೆ ಇದೇ ವ್ಯಾನಿನ ಮುಂದಿನ ಸೀಟಿನಲ್ಲಿ ಅಕ್ಕ ಕೂತಿದ್ದಳು. ಆ ದಿನಗಳನ್ನು ಬರೆಯದೆ ಇನ್ನು ನಿದ್ದೆ ಬರುವುದಿಲ್ಲ ಎನಿಸಿ ಬರೆಯುತ್ತಿದ್ದೇನೆ.

ನನ್ನ ಅಕ್ಕ ಗಿರಿಜಾ. ಭಾವ ರೈಲ್ವೆಯಲ್ಲಿದ್ದರು, ವರ್ಗವಾಗಿ ಅಹಮದಾಬಾದಿಗೆ ಬಂದವರು ಇಲ್ಲೇ ಉಳಿದರು. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟು, ಊರಲ್ಲಿ ಲಾರಿ ಕ್ಲೀನರ್ ಆಗಿ ಅಲೆದು, ಕೊನೆಗೆ ಅಕ್ಕನ ಹಿಂದೆ ಬಂದವನು. ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತೇನೆ. ಭಾವ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಅವರು ಹೋದ ಮೇಲೆ ಅಕ್ಕನನ್ನು ಹಿಡಿದು ನಿಲ್ಲಿಸಿದ್ದು ಭಾನುವಾರದ ಕನ್ನಡ ತರಗತಿ. ನಮ್ಮ ಕನ್ನಡ ಒಕ್ಕೂಟಕ್ಕೆ ಅಹಮದಾಬಾದಿನಲ್ಲಿ ಎರಡು ಕೋಣೆಯ ಹಳೆಯ ಮನೆಯೊಂದಿತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಅಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಬ್ಯಾಂಕಿನವರ, ವಿಮೆಯವರ, ರೈಲ್ವೆಯವರ ಮಕ್ಕಳು. ಮನೆಯಲ್ಲೇ ಹಿಂದಿ, ಗುಜರಾತಿ ಮಾತಾಡುವ ಮಕ್ಕಳು. "ಆಂಟಿ, ಮೇರಾ ಪೆನ್ಸಿಲ್ ಕಳೆದು ಗಯಾ" ಎನ್ನುವಂಥ ಕನ್ನಡ. ಅಕ್ಕ ಬಯ್ಯುತ್ತಿರಲಿಲ್ಲ. "ಪೆನ್ಸಿಲ್ ಹೋದ್ರ ಹೋಗ್ಲಿ, ಮಾತು ಅರ್ಧ ಬಂತಲ್ಲ, ಚೊಲೊ ಆತು" ಎನ್ನುತ್ತಿದ್ದಳು.

ಆ ಮಕ್ಕಳ ಹಿಂದೆ, ಗೋಡೆಗೆ ಆತುಕೊಂಡು, ನಲವತ್ತು ದಾಟಿದ ನಾನೂ ಕೂರುತ್ತಿದ್ದೆ. ಮೊದಮೊದಲು ಮಕ್ಕಳನ್ನು ಕಾಯುವವನ ಹಾಗೆ ನಟಿಸಿದೆ. ಒಂದು ದಿನ ಅಕ್ಕ ಒಂದು ವಹಿ ನನ್ನ ಮಡಿಲಿಗೆ ಹಾಕಿದಳು. ನಾನು ಈಗ ಹೀಗೆ ಬರೆಯುತ್ತಿರುವುದು ಆ ಕೋಣೆಯ ಪುಣ್ಯ.

ಒಕ್ಕೂಟ ಎಂದರೆ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಕನ್ನಡ ಸಂಘಗಳು ಸೇರಿದ್ದು. ಅಧ್ಯಕ್ಷರ ಚುನಾವಣೆ ಒಂದೇ ದಿನ ನಡೆಯುವುದಿಲ್ಲ. ಸಂಕ್ರಾಂತಿಯ ನಂತರ ಮೊದಲ ಭಾನುವಾರ ಅಹಮದಾಬಾದ್, ಮುಂದಿನ ಭಾನುವಾರ ವಡೋದರಾ, ಅದರ ಮುಂದಿನದು ಸೂರತ್. ಮನೆಗೊಂದು ಮತ. ಆಯಾ ಊರಿನ ಎಣಿಕೆ ಆಗಲೇ ಮುಗಿಸಿ ಹೇಳಿಬಿಡುತ್ತಾರೆ. ಹೀಗಾಗಿ ಮೂರನೆಯ ಊರಿಗೆ ಹೋಗುವಾಗ ಯಾರು ಎಷ್ಟು ಹಿಂದಿದ್ದಾರೆ ಎಂದು ಎಲ್ಲರಿಗೂ ತಿಳಿದಿರುತ್ತದೆ. ಇನ್ನೊಂದು ಪದ್ಧತಿಯೂ ಉಂಟು. ನಮ್ಮಲ್ಲಿ ಬಾಯಿಬಿಟ್ಟು ಮತ ಕೇಳುವುದು ಅಸಹ್ಯ. ಸಂಕ್ರಾಂತಿಯ ದಿನಗಳಲ್ಲವೇ, ಅರಿಷಿಣ ಕುಂಕುಮ, ಕುಸುರೆಳ್ಳು ಹಿಡಿದು ಮನೆಮನೆಗೆ ಹೋಗಿ "ಭಾನುವಾರ ಸಭೆಗೆ ಬರ್ರಿ" ಎಂದು ಕರೆದು ಬರಬೇಕು. ಕರೆದವರು ಯಾರು, ಹೇಗೆ ಕರೆದರು ಎನ್ನುವುದರ ಮೇಲೆ ಮನೆಯ ಹೆಂಗಸರು ಮನಸ್ಸು ಮಾಡುತ್ತಾರೆ. ಅಭ್ಯರ್ಥಿ ಗಂಡಸಾದರೆ ಹೆಂಡತಿ ಕುಂಕುಮ ಹಿಡಿಯುತ್ತಾಳೆ. ಅಭ್ಯರ್ಥಿ ಗಂಡ ಸತ್ತ ಹೆಂಗಸಾದರೆ ಏನು ಮಾಡಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಅಂಥವರು ಅದುವರೆಗೆ ನಿಂತಿರಲಿಲ್ಲ.

ಅಕ್ಕ ನಿಂತದ್ದು ಕುರ್ಚಿಯ ಆಸೆಗಲ್ಲ. ವಡೋದರಾದ ಮೂರ್ತಿಗಳು ನಿಲ್ಲುತ್ತೇನೆಂದು ಹೇಳಿದ್ದರು. ದೊಡ್ಡ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು, ಮೈಸೂರಿನ ಕಡೆಯವರು, ಒಳ್ಳೆಯ ಮಾತಿನವರು. ಗೆದ್ದರೆ ಆ ಎರಡು ಕೋಣೆಯ ಮನೆಯನ್ನು ಒಂದು ಕೋಚಿಂಗ್ ಕ್ಲಾಸಿಗೆ ಬಾಡಿಗೆಗೆ ಕೊಟ್ಟು, ಆ ಆದಾಯದಲ್ಲಿ ದೊಡ್ಡ ಉತ್ಸವ ಮಾಡಿಸುವುದು ಅವರ ಯೋಜನೆ. ತರಗತಿಯ ಮಾತು ಬಂದಾಗ ನಗುತ್ತ, "ಮಕ್ಕಳು ಫೋನಲ್ಲೇ ಕಲೀತಾರೆ ಬಿಡಿ ಮೇಡಂ, ಕಾಲ ಬದಲಾಗಿದೆ" ಎಂದಿದ್ದರು. ಅಕ್ಕ ಆವತ್ತು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಮಲ್ಲೂ, ನಾ ನಿಂದರ್ತೇನಿ" ಎಂದಳು.

"ಎಲ್ಲಿ?" ಎಂದೆ.

"ಚುನಾವಣೆಗೆ, ಮಬ್ಬ. ನೀ ಗಾಡಿ ಹೊಡಿ ಅಷ್ಟ."

ಅಹಮದಾಬಾದಿನಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಉತ್ತರಾಯಣದ ಗಾಳಿಪಟದ ದಾರಗಳು ಇನ್ನೂ ವಿದ್ಯುತ್ ತಂತಿಗಳಿಗೆ ಸಿಕ್ಕಿಕೊಂಡಿದ್ದವು. ಅಕ್ಕನ ಜೊತೆ ಏಳೆಂಟು ಜನ ಓಡಾಡಿದರು. ಪಕ್ಕದ ಬ್ಲಾಕಿನ ಸುಜಾತಾ, ಬ್ಯಾಂಕಿನವರ ಹೆಂಡತಿ, ಶಿವಮೊಗ್ಗದವಳು, ದಿನವೂ ಬಂದಳು. ಅಕ್ಕನೇ ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಮನೆಮನೆ ಹತ್ತಿದಳು. ಎಲ್ಲ ಪರಿಚಯದವರು, ಯಾರೂ ಏನೂ ಅನ್ನಲಿಲ್ಲ. ಆದರೆ ಎಣಿಕೆ ಮುಗಿದಾಗ ಅಕ್ಕ ಗೆದ್ದದ್ದು ಕೂದಲೆಳೆಯಲ್ಲಿ. ಸ್ವಂತ ಊರಿನಲ್ಲೇ ಇಷ್ಟು ಕಡಿಮೆ ಎಂದರೆ ಮುಂದೆ ಗತಿ ಏನು? ಆವತ್ತೇ ಪೋಸ್ಟರ್ ಮಾಡುತ್ತಿದ್ದ ಗೆಳೆಯರೊಬ್ಬರು "ಆಫೀಸಲ್ಲಿ ಕೆಲಸ ಜಾಸ್ತಿ" ಎಂದರು. ವಾಟ್ಸ್ಆಪ್ ಗುಂಪಿನಿಂದ ಒಬ್ಬೊಬ್ಬರೇ ಹೊರಗೆ ಹೋದರು. ಅಕ್ಕ ಫೋನು ನೋಡಿ ನೋಡಿ ಕೆಳಗಿಡುತ್ತಿದ್ದಳು.

ವಡೋದರಾಕ್ಕೆ ಹೋದವರು ನಾವು ಮೂವರೇ. ಅಕ್ಕ, ಸುಜಾತಾ, ನಾನು. ಅದು ಮೂರ್ತಿಗಳ ಊರು, ನಮಗೂ ಗೊತ್ತಿತ್ತು. ಅಲ್ಲಿ ಒಂದು ಮನೆಯಲ್ಲಿ ನಡೆದದ್ದು ನನ್ನ ತಲೆ ಕೆಡಿಸಿತು. ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಅಕ್ಕ ಕುಂಕುಮದ ಬಟ್ಟಲು ಮುಂದೆ ಚಾಚಿದಳು. ಅವರು ಕೈ ನೀಡಲಿಲ್ಲ, ಒಳಗೆ ತಿರುಗಿ ಸೊಸೆಯನ್ನು ಕೂಗಿದರು. ಸೊಸೆ ಬಂದು ಹಚ್ಚಿಕೊಂಡಳು. ಅಷ್ಟೇ. ಈಗ ಯೋಚಿಸಿದರೆ ಅವರ ಕೈಗೆ ಹಿಟ್ಟು ಮೆತ್ತಿತ್ತೇನೋ, ಸೊಂಟ ನೋವಿತ್ತೇನೋ. ಆದರೆ ಆವತ್ತು ನಾನು ಮೆಟ್ಟಿಲ ಮೇಲೆ ನಿಂತು ಒಂದೇ ಅರ್ಥ ಮಾಡಿಕೊಂಡೆ. ಭಾನುವಾರ ಅಲ್ಲಿ ಅಕ್ಕ ಹೀನಾಯವಾಗಿ ಸೋತಾಗ ಆ ಅರ್ಥ ನನ್ನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಮೂರ್ತಿಗಳ ಹೆಂಡತಿ ಕಾಸಿನಗಲ ಕುಂಕುಮ ಇಟ್ಟುಕೊಂಡು, ಕೈತುಂಬ ಬಳೆ ತೊಟ್ಟು ಓಡಾಡುತ್ತಿದ್ದದ್ದು ಕಣ್ಣಿಗೆ ಕಟ್ಟುತ್ತಿತ್ತು.

ಉಳಿದದ್ದು ಸೂರತ್. ಅಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳೂ ಅಕ್ಕನ ಕಡೆ ಬಂದರೆ ಮಾತ್ರ ಗೆಲುವು. ಬರಲಾರದು ಎಂದು ಒಳಗೊಳಗೇ ಮೂವರಿಗೂ ಅನಿಸಿತ್ತು, ಯಾರೂ ಬಾಯಿಬಿಡಲಿಲ್ಲ. ಅಕ್ಕನಿಗೆ ಇದ್ದ ಒಂದೇ ಆಸರೆ ಶಾಂತಾ ಎಂಬವಳು. ಸೂರತ್ತಿನ ವರಾಛಾದಲ್ಲಿ ಮನೆ, ಗಂಡ ಬಟ್ಟೆ ಮಾರುಕಟ್ಟೆಯಲ್ಲಿ ಲೆಕ್ಕಿಗ, ಹಾವೇರಿಯ ಕಡೆಯವಳು. ಅಲ್ಲಿನ ಹೆಂಗಸರೆಲ್ಲ ಅವಳ ಮಾತು ಕೇಳುತ್ತಾರೆ ಎಂದು ಹೇಳಿದ್ದರು. ಅಕ್ಕ ಫೋನಿನಲ್ಲಿ ಅವಳ ಜೊತೆ ಒಂದು ಸಲ ಮಾತಾಡಿದ್ದಳು. "ನಮ್ಮ ಕಡೆ ಮಾತು ಕೇಳಿ ಎಷ್ಟ ದಿನಾತು ಅಕ್ಕಾರ, ಬರ್ರಿ ಮೊದ್ಲ" ಎಂದಿದ್ದಳಂತೆ. ಅಕ್ಕ ಅದನ್ನು ನನಗೆ ಮೂರು ಸಲ ಹೇಳಿದ್ದಳು.

ಶನಿವಾರ ನಸುಕಿಗೇ ಹೊರಟೆವು. ನರ್ಮದೆಯ ಸೇತುವೆ ದಾಟಿ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ಸುಜಾತಾ ಮುಖ ತೊಳೆಯಲು ಹೋದಳು. ಅಕ್ಕ ವ್ಯಾನಿನಲ್ಲೇ ಕೂತು ಕುಸುರೆಳ್ಳನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟುತ್ತಿದ್ದಳು. ನಾನು ಕಿಟಕಿಯ ಹತ್ತಿರ ನಿಂತೆ.

"ಅಕ್ಕಾ, ಒಂದು ಮಾತು."

"ಹೇಳ."

"ಸೂರತ್ತಿನಿಂದ ಫೋನ್ ಬಂದಿತ್ತು. ಕುಂಕುಮ ಮುತ್ತೈದಿ ಕೈಲೇ ಬಂದ್ರ ಚೊಲೊ ಅಂತ ಅಂದ್ರು."

ಯಾರೂ ಫೋನ್ ಮಾಡಿರಲಿಲ್ಲ. ಅಹಮದಾಬಾದಿನಿಂದ ಅಲ್ಲಿಯವರೆಗೆ ದಾರಿಯುದ್ದಕ್ಕೂ ಆ ಮಾತನ್ನು ನಾನೇ ಹೊಂದಿಸಿಕೊಂಡು ಬಂದಿದ್ದೆ. ನನ್ನ ಮಾತು ಎಂದರೆ ಅಕ್ಕ ಕೇಳುವವಳಲ್ಲ, "ನಡಿ ಅತ್ತಾಗ" ಎನ್ನುತ್ತಾಳೆ. ಅವರ ಮಾತು ಎಂದರೆ ಕೇಳುತ್ತಾಳೆ. ಸುಜಾತಾ ಕುಂಕುಮ ಹಿಡಿದು ಹೋದರೆ ನಾಲ್ಕು ಮತ ಹೆಚ್ಚು ಬೀಳುತ್ತವೆ, ಕೋಣೆ ಉಳಿಯುತ್ತದೆ. ನಾನು ಅಕ್ಕನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಅಕ್ಕನ ಕೈ ನಿಂತಿತು. "ಯಾರಂದ್ರು?"

"ಹೆಂಗಸರು. ನಾಕೈದ ಮಂದಿ."

"ಹೆಸರು?"

"ಹೆಸರು ಹೇಳಬ್ಯಾಡ ಅಂದಾರ."

ಅಕ್ಕ ರಸ್ತೆಯ ಕಡೆ ನೋಡಿದಳು. ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಆಮೇಲೆ ತೀರ ಸಣ್ಣ ದನಿಯಲ್ಲಿ ಕೇಳಿದಳು. "ಶಾಂತಾನೂ ಅಂದಳೇನೋ?"

ಇಲ್ಲ ಎನ್ನಬಹುದಿತ್ತು. ಆ ಒಂದು ಹೆಸರನ್ನಾದರೂ ಬಿಡಬಹುದಿತ್ತು. ಬಿಟ್ಟರೆ ಅಕ್ಕ ಅವಳ ಮನೆಗೆ ಹತ್ತುತ್ತಾಳೆ, ಸುಳ್ಳು ಹೊರಬೀಳುತ್ತದೆ ಎಂದು ಹೆದರಿದೆ.

"ಹ್ಞೂಂ. ಆಕಿನೂ," ಎಂದೆ.

ಅಕ್ಕ ಪೊಟ್ಟಣಗಳನ್ನೆಲ್ಲ ಚೀಲಕ್ಕೆ ತುಂಬಿದಳು. ಕುಂಕುಮದ ಬಟ್ಟಲಿಗೆ ಮುಚ್ಚಳ ಹಾಕಿ ಸುಜಾತಾ ಕೂರುವ ಸೀಟಿನ ಮೇಲೆ ಇಟ್ಟಳು. ಅವಳು ಬಂದಾಗ, "ಇವತ್ತ ನೀನ ಹೋಗಿ ಕರದ ಬಾರವಾ. ನನಗ ಫೋನಿನ ಕೆಲಸ ಭಾಳ ಐತಿ, ನಾ ಕೆಳಗ ಕುಂದರ್ತೇನಿ" ಎಂದಳು.

"ಅಯ್ಯೋ, ನೀವಿಲ್ದೆ ನಾನೊಬ್ಳೇ ಹೋಗಿ ಏನಂತ ಹೇಳ್ಲಿ ಗಿರಿಜಕ್ಕ? ಚುನಾವಣೆಗೆ ನಿಂತಿರೋದು ನಾನಾ ನೀವಾ?"

"ಬಾಯಿ ಐತಲ್ಲ ನಿನಗ, ಹೇಳು."

ಅಕ್ಕ ನಗುತ್ತಲೇ ಅಂದಳು. ತನ್ನನ್ನು ಬೇಡವೆಂದ ಹೆಂಗಸರ ಹೆಸರು ಸುಜಾತಾಳ ಮುಂದೂ ಕೆಡಬಾರದು ಎಂದು ಅವಳ ಆಸೆ. ಅದು ಆಗ ನನಗೆ ಹೊಳೆಯಲಿಲ್ಲ. ಕೆಲಸ ಸುಲಭವಾಯಿತು ಎಂದುಕೊಂಡೆ.

ಆ ಇಡೀ ದಿನ ಬಿಸಿಲೂ ಅಲ್ಲದ ಚಳಿಯೂ ಅಲ್ಲದ ಹವೆ. ಒಂದೊಂದು ಕಟ್ಟಡದ ಕೆಳಗೆ ವ್ಯಾನ್ ನಿಲ್ಲಿಸುವುದು, ಸುಜಾತಾ ಮೇಲೆ ಹೋಗುವುದು, ಅಕ್ಕ ಮುಂದಿನ ಸೀಟಿನಲ್ಲಿ ಕೂರುವುದು. ಫೋನ್ ಮಾಡುತ್ತೇನೆ ಎಂದವಳು ಒಂದು ಕರೆಯನ್ನೂ ಮಾಡಲಿಲ್ಲ. ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದಳು. ಮಧ್ಯಾಹ್ನ ತಾಪಿಯ ದಂಡೆಯಲ್ಲಿ ಪೋಂಕ್ ಕೊಡಿಸಿದೆ. "ಸೀತನಿ ನೋಡಕ್ಕಾ" ಎಂದೆ. "ಹೌದಲ್ಲ" ಎಂದು ಪೊಟ್ಟಣ ಹಿಡಿದುಕೊಂಡಳು. ಸಂಜೆಯವರೆಗೂ ಹಾಗೇ ಹಿಡಿದಿದ್ದಳು, ಒಂದು ಕಾಳು ಬಾಯಿಗೆ ಹಾಕಲಿಲ್ಲ.

ವರಾಛಾದ ಶಾಂತಾಳ ಮನೆ ಮೂರನೆಯ ಮಹಡಿ. ಕೆಳಗಿನ ಮಹಡಿಗಳಲ್ಲಿ ವಜ್ರ ಉಜ್ಜುವ ಕಾರ್ಖಾನೆ, ಗಾಲಿಗಳ ಗರ್ರ್ ಸದ್ದು ರಸ್ತೆಗೇ ಕೇಳುತ್ತಿತ್ತು. ಸುಜಾತಾ ಹೋಗಿ ಬಹಳ ಹೊತ್ತಾಯಿತು. ತಲೆ ಎತ್ತಿ ನೋಡಿದರೆ ಮೇಲಿನ ಬಾಲ್ಕನಿಯಲ್ಲಿ ಒಬ್ಬ ಹೆಂಗಸು ನಿಂತು ನಮ್ಮ ವ್ಯಾನನ್ನೇ ನೋಡುತ್ತಿದ್ದಳು. ಅಕ್ಕನೂ ನೋಡಿದಳು. ಎರಡು ಕ್ಷಣ ಇಬ್ಬರ ಕಣ್ಣೂ ಕೂಡಿರಬೇಕು. ಅಕ್ಕ ಮುಖ ತಿರುಗಿಸಿದಳು. ಮೇಲಿನವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸುಜಾತಾ ಇಳಿದು ಬಂದವಳು ನನ್ನನ್ನು ಪಕ್ಕಕ್ಕೆ ಕರೆದಳು. "ಮಲ್ಲಣ್ಣ, ಇದು ಸರಿ ಹೋಗ್ತಿಲ್ಲ. ಅವರು ಅಡುಗೆ ಮಾಡ್ಕೊಂಡು ಕಾಯ್ತಿದ್ರು. ಫೋನಲ್ಲಿದ್ದಾರೆ ಅಂದೆ. ಬಾಲ್ಕನಿಗೆ ಹೋಗಿ ನೋಡಿ ಬಂದು, ಎಲ್ಲಿ ಫೋನು, ಸುಮ್ನೆ ಕೂತಿದಾರಲ್ಲ ಅಂದ್ರು. ನನಗೆ ನಾಚಿಕೆ ಆಯ್ತು. ಈಗ್ಲಾದ್ರೂ ಗಿರಿಜಕ್ಕನ ಕಳಿಸಿ."

"ತಡ ಆಗೇತ್ರಿ. ಇನ್ನೂ ನಾಕ ಮನಿ ಅದಾವು," ಎಂದು ವ್ಯಾನ್ ಚಾಲೂ ಮಾಡಿದೆ.

ಮಾರನೆಯ ದಿನ ಸಭೆ. ಬಾಡಿಗೆಯ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು. ಮೂರ್ತಿಗಳು ಚೆನ್ನಾಗಿ ಮಾತಾಡಿದರು. ಅಕ್ಕ ಇನ್ನೂ ಚೆನ್ನಾಗಿ ಮಾತಾಡಿದಳು. ಅಷ್ಟು ಚೆನ್ನಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತರಗತಿಯ ಹುಡುಗಿಯೊಬ್ಬಳು ಊರಿನ ಅಜ್ಜಿಗೆ ಬರೆದ ಎರಡು ಸಾಲಿನ ಕಾಗದ ಓದಿದಳು. ಜನ ಸುಮ್ಮನೆ ಕೂತು ಕೇಳಿದರು. ನನಗೆ ಒಂದು ಗಳಿಗೆ ಗೆಲ್ಲುತ್ತಾಳೆ ಎನಿಸಿತು. ಆಗ ಹೆಂಗಸರ ಸಾಲಿನಿಂದ ಬಾಲ್ಕನಿಯಲ್ಲಿ ಕಂಡವಳೇ ಎದ್ದಳು. ಶಾಂತಾ.

"ಅಕ್ಕಾರ, ಎಲ್ಲಾ ಚೊಲೊ ಮಾತಾಡಿದ್ರಿ. ನಂದೊಂದ ಪ್ರಶ್ನಿ. ನಿನ್ನಿ ನಮ್ಮ ಮನಿ ಬುಡಕ ಅರ್ಧಾ ತಾಸು ಗಾಡ್ಯಾಗ ಕುಂತಿದ್ರಿ. ನಾ ರೊಟ್ಟಿ ಬಡದು ದಾರಿ ಕಾಯ್ದೆ. ಮ್ಯಾಲ ಬರಾಕ ನಾವೇನ ಅಷ್ಟು ಸಣ್ಣ ಮಂದಿ ಏನ್ರಿ?"

"ನಮ್ಮನಿಗೂ ಬರ್ಲಿಲ್ಲ ಮಾರಾಯ್ತಿ," ಎಂದಳು ಹಿಂದಿನ ಸಾಲಿನ ಉಡುಪಿಯವಳೊಬ್ಬಳು.

ಅಕ್ಕ ಮೈಕಿನ ಮುಂದೆ ನಿಂತಿದ್ದಳು. ಅವಳ ಕಣ್ಣು ಇಡೀ ಸಭಾಂಗಣ ದಾಟಿ ಕೊನೆಯ ಸಾಲಿನಲ್ಲಿ ನನ್ನನ್ನು ಹುಡುಕಿತು. ಅದರಲ್ಲಿ ಸಂಶಯ ಇರಲಿಲ್ಲ. ನೀವೇ ಬೇಡ ಎಂದಿರಲ್ಲ ಎಂದು ಆ ಹೆಂಗಸರಿಗೆ ತಾನು ಹೇಳಲಾರೆ, ತಮ್ಮ ಎದ್ದು ಏನಾದರೂ ಹೇಳಿ ಕಾಪಾಡಲಿ ಎಂಬಂಥ ನೋಟ. ನಾನು ಎದ್ದು "ನಾನ ಸುಳ್ಳ ಹೇಳಿ ಕೂಡಿಸಿದ್ದೆ" ಎನ್ನಬೇಕಿತ್ತು. ಸುತ್ತ ಅಷ್ಟು ಜನ ಓದಿದವರು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ.

ಅಕ್ಕ ಮೈಕಿನ ಕಡೆ ತಿರುಗಿದಳು. "ತಪ್ಪ ತಿಳ್ಕೋಬ್ಯಾಡ ಶಾಂತವ್ವ. ಮಂಡಿನೋವು ಭಾಳಿತ್ತು. ಹತ್ತಾಕ ಆಗ್ಲಿಲ್ಲ."

ಅಕ್ಕನಿಗೆ ಮಂಡಿನೋವೇ ಇರಲಿಲ್ಲ. ವಡೋದರಾದಲ್ಲಿ ಐದು ಮಹಡಿ ಹತ್ತಿದವಳು. ತಕ್ಷಣ ಮೂರ್ತಿಗಳ ಕಡೆಯವರೊಬ್ಬರು ಕೂತಲ್ಲಿಂದಲೇ, "ಮೂರು ಮಹಡಿಗೇ ಮಂಡಿ ಕೈಕೊಟ್ರೆ ಮೂರು ಊರು ಹೆಂಗೆ ಓಡಾಡ್ತೀರಾ ಮೇಡಂ?" ಎಂದರು. ಜನ ನಕ್ಕರು. ಕೆಟ್ಟ ನಗೆಯಲ್ಲ, ಸುಮ್ಮನೆ ನಕ್ಕರು. ಅಕ್ಕನೂ ಸ್ವಲ್ಪ ನಕ್ಕಳು. ಅಲ್ಲಿಗೆ ಮುಗಿಯಿತು. ಎಣಿಕೆ ಬರೀ ಶಾಸ್ತ್ರಕ್ಕೆ ನಡೆಯಿತು.

ಎರಡು ತಿಂಗಳಲ್ಲಿ ಕೋಣೆಗಳಿಗೆ ಕೋಚಿಂಗ್ ಕ್ಲಾಸಿನ ಬೋರ್ಡು ಬಿತ್ತು. ಮಕ್ಕಳ ಮಣೆಗಳನ್ನೂ ಕಪ್ಪುಹಲಗೆಯನ್ನೂ ನಾನೇ ವ್ಯಾನಿಗೆ ಹೇರಿ ಮನೆಗೆ ತಂದೆ. ತರಗತಿಯನ್ನು ಮನೆಯಲ್ಲೇ ನಡೆಸಿ ಎಂದು ಸುಜಾತಾ ಎಷ್ಟು ಹೇಳಿದರೂ ಅಕ್ಕ ಒಪ್ಪಲಿಲ್ಲ. ಅದಕ್ಕಿಂತ ಹೆಚ್ಚಿನದು ನಿಧಾನವಾಗಿ ಕಂಡಿತು. ವರಮಹಾಲಕ್ಷ್ಮಿಗೆ ಕರೆದರೆ ಹೋಗಲಿಲ್ಲ. ಕೂಸಿನ ಹೆಸರಿಡುವುದಕ್ಕೆ, ಗೃಹಪ್ರವೇಶಕ್ಕೆ, ಯಾವುದಕ್ಕೂ ಹೋಗಲಿಲ್ಲ. "ನಾ ಬರೂದ ಬ್ಯಾಡವಾ. ನಿಮ್ಮನಿ ಕಾರ್ಯ ಚೊಲೊ ಆಗ್ಲಿ" ಎಂದು ಬಾಗಿಲಿಂದಲೇ ಕಳಿಸುತ್ತಿದ್ದಳು. ಸೋತ ಸಿಟ್ಟು ಎಂದರು ಜನ. ಒಂಬತ್ತು ವರ್ಷ ಯಾರೂ ಅವಳಿಗೆ ವಿಧವೆ ಎಂದು ನೆನಪು ಮಾಡಿರಲಿಲ್ಲ. ಮಾಡಿದವನು ನಾನು. ಅದೂ ಬೇರೆಯವರ ಬಾಯಿಯಲ್ಲಿ ಮಾತು ತುರುಕಿ. ಸುಜಾತಾ ಒಮ್ಮೆ ನನ್ನ ಮುಖಕ್ಕೇ ಕೇಳಿದಳು. "ಸೂರತ್ತಲ್ಲಿ ಏನಾಯ್ತು ಮಲ್ಲಣ್ಣ?" ಏನಿಲ್ಲ ಎಂದೆ. ಮೂರು ವರ್ಷ ಏನಿಲ್ಲ ಎಂದೆ.

ಈ ಸಲ ಪೋಂಕಿನ ವಾಸನೆ ಬಂದ ದಿನ ಮದುವೆಯವರನ್ನು ಇಳಿಸಿ ನೇರ ವರಾಛಾಕ್ಕೆ ಹೋದೆ. ಮೂರು ಮಹಡಿ ಹತ್ತಿದೆ. ಶಾಂತಾ ಬಾಗಿಲು ತೆಗೆದವಳು ಗುರುತು ಹಿಡಿದಳು.

"ನೀವು ಗಿರಿಜಕ್ಕನ ತಮ್ಮ ಅಲ್ರಿ? ಗಾಡಿಯವರು. ಅವ್ರು ಇವತ್ತೂ ಕೆಳಗ ಕುಂತಾರೇನು?"

ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಹೇಳುವಾಗ ಒಳಗಿನಿಂದ ಒಬ್ಬ ಮುದುಕಿ ಬಂದು ನಿಂತರು, ಅವಳ ಅತ್ತೆ. ಹಣೆಯಲ್ಲಿ ಕುಂಕುಮ ಇರಲಿಲ್ಲ. ಶಾಂತಾ ಅವರನ್ನು ತೋರಿಸಿ, "ನೋಡಪಾ. ಈ ಮನ್ಯಾಗ ಸಂಕ್ರಾಂತಿಗೆ ಬಂದ ಹೆಣ್ಮಕ್ಕಳಿಗೆ ಕುಂಕುಮ ಹಚ್ಚಾಕಿ ಯಾರು ಗೊತ್ತೇನು? ನಮ್ಮತ್ತಿ. ನಮ್ಮಂಥವರ ಹೆಸರಿಲೆ ಎಂಥಾ ಮಾತು ಹೇಳಿದೆ ನೀ!" ಎಂದಳು.

"ತಪ್ಪಾತ್ರಿ," ಎಂದೆ.

"ನನ್ನ ಮುಂದ ಯಾಕ ಅಂತಿ? ನಾನೂ ಆಕಿನ್ನ ನಾಕ ಮಂದಿ ಮುಂದ ಸಣ್ಣ ಮಾಡಿದೆ, ಅದರ ಮಾಫಿ ನಾ ಕೇಳ್ಕೋತೇನಿ. ನೀ ಮೊದ್ಲ ಮನಿಗೆ ಹೋಗು. ದಾರ್ಯಾಗ ಎಲ್ಲೂ ನಿಂದರಬ್ಯಾಡ."

ನಿಲ್ಲಲಿಲ್ಲ. ಭರೂಚ್, ವಡೋದರಾ, ಆಣಂದ್ ಎಲ್ಲ ದಾಟಿ ಬೋಪಾಲ್ ಮುಟ್ಟಿದಾಗ ನಾಲ್ಕು ಗಂಟೆಯ ಬಿಸಿಲು. ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆಯೇ, "ಉಂಡಿಯೇನೋ?" ಎಂದಳು. ಇಲ್ಲ ಎಂದೆ. "ಕೈಕಾಲ ತೊಳಕೊಂಡ ಬಾ" ಎಂದಳು. ನಾನು ಹೋಗಲಿಲ್ಲ. ಅವಳ ಎದುರು ಕೂತೆ. ದಾರಿಯಲ್ಲಿ ಹೊಂದಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. ಅಕ್ಕ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಏನಾತೋ ಮಲ್ಲೂ?"

"ಅಕ್ಕಾ, ಸೂರತ್ತಿನ ಹೆಣ್ಮಕ್ಕಳು ಯಾರೂ ಏನೂ ಅಂದಿರಲಿಲ್ಲ. ಶಾಂತಾನೂ ಅಂದಿರಲಿಲ್ಲ. ಯಾವ ಫೋನೂ ಬಂದಿರಲಿಲ್ಲ. ನಿನ್ನ ಕೈಯಾಗಿನ ಕುಂಕುಮ ಬ್ಯಾಡ ಅಂದಾಂವ ನಾನೊಬ್ಬನ. ಸಭಾದಾಗ ನೀ ನನ್ನ ನೋಡಿದಾಗ ಗೊತ್ತಿದ್ದೂ ಬಾಯಿ ತಗೀಲಿಲ್ಲ. ತಪ್ಪಾತು ಅಕ್ಕಾ. ನಂದ ತಪ್ಪಾತು."